ಉಪ್ಪು ಹತ್ತದ ಕತ್ತಿ

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹಳದಿಯಾಗಿ ಹೊಳೆಯುವ ಹಿಡಿ. ತುದಿಯಲ್ಲಿ ಸಿಂಹದ ತಲೆ, ಬೆರಳು ಕಾಯುವ ಬಾಗಿದ ಪಟ್ಟಿಯ ಮೇಲೆ ಲಂಗರಿನ ಗುರುತು, ಕಪ್ಪು ಚರ್ಮದ ಒರೆ. ಮುದುಕ ಬಗ್ಗಿ ನೋಡಿದ. ಥೇಟ್ ಮಗನದೇ.

ಆದರೆ ಕೈಗೆತ್ತಿಕೊಂಡ ಕೂಡಲೇ ಮನಸ್ಸು ಹಿಂದೆ ಸರಿಯಿತು. ಆಯುಷ್ಯವೆಲ್ಲ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದವನು ಅವನು. ಕತ್ತಿ ತೀರ ಹಗುರವಾಗಿತ್ತು. ಸಿಂಹದ ಕೇಸರದ ನಡುವೆ ಅಚ್ಚಿನ ಗೆರೆ ಹಾಗೇ ಉಳಿದಿತ್ತು. ಅರ ಹಿಡಿದು ಉಜ್ಜುವಷ್ಟು ವ್ಯವಧಾನ ಯಾರಿಗೂ ಇದ್ದಂತಿರಲಿಲ್ಲ. ಒರೆಯಿಂದ ಎಳೆದು ಅಲಗನ್ನು ಉಗುರಿನಿಂದ ತಟ್ಟಿದ. ಡಬ್ಬಿ ಬಡಿದ ಸದ್ದು ಬಂತು. ಮಗ ನೌಕಾಪಡೆಯ ಅಧಿಕಾರಿಯಾಗಿ ಮೊದಲ ಸಲ ಮನೆಗೆ ಬಂದಾಗ ತನ್ನ ಕತ್ತಿಯನ್ನು ಅಪ್ಪನ ಕೈಗೆ ಕೊಟ್ಟಿದ್ದ. ಅದನ್ನು ತಟ್ಟಿದಾಗ ಎದ್ದ ನಾದ ಕಿವಿಯಲ್ಲಿ ಬಹಳ ಹೊತ್ತು ಉಳಿದಿತ್ತು.

ಆ ಕತ್ತಿ ಈಗ ಸಮುದ್ರದ ತಳದಲ್ಲಿತ್ತು. ಹಿಂದಿನ ವರ್ಷದ ಬಿರುಗಾಳಿಯಲ್ಲಿ ಹಡಗು ಮುಳುಗಿತ್ತು. ಕೆಲವರ ಹೆಣ ದಡಕ್ಕೆ ಬಂದವು, ಇವರ ಮಗನದು ಬರಲಿಲ್ಲ. ತಾಯಿ ಅವತ್ತಿನಿಂದ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಸಮಾಧಾನ ಹೇಳಲು ಬಂದವರನ್ನೆಲ್ಲ, ನೀವು ಕಂಡಿದ್ದೀರಾ ಅವನು ಸತ್ತದ್ದನ್ನ, ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು. ಊಟದ ಹೊತ್ತಿಗೆ ಅವನ ತಟ್ಟೆಯನ್ನೂ ಹಾಕುತ್ತಿದ್ದಳು. ಬರುಬರುತ್ತ ನೆಂಟರು ಈ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಮುದುಕ ನಕಲು ಕತ್ತಿ ತರಿಸಿದ್ದರ ಹಿಂದೆ ದೊಡ್ಡ ಯೋಚನೆಯೇನೂ ಇರಲಿಲ್ಲ. ಮಗನ ಫೋಟೋದ ಕೆಳಗೆ ಗೋಡೆ ಬೋಳಾಗಿತ್ತು. ಅಲ್ಲೊಂದು ತೂಗುಹಾಕಿದರೆ ಅವಳಿಗೂ ಹಿತವೆನಿಸಬಹುದು ಅಂದುಕೊಂಡಿದ್ದ, ಅಷ್ಟೇ. ಯಾರಿಗೂ ಹೇಳಿರಲಿಲ್ಲ.

ಅವನು ಅಲಗನ್ನು ಒರೆಗೆ ಸೇರಿಸುತ್ತಿದ್ದಾಗ ಅಡುಗೆಮನೆಯಿಂದ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಬಾಗಿಲಲ್ಲೇ ನಿಂತಳು.

"ಸಿಕ್ತಾ?" ಅಂದಳು.

ತಾನು ಕತ್ತಿ ಹುಡುಕಿದ್ದು ಅವಳಿಗೆ ಹೇಗೋ ಗೊತ್ತಾಗಿದೆ, ಅಂಗಡಿಯಲ್ಲಿ ಸಿಕ್ಕಿತೇ ಎಂದು ಕೇಳುತ್ತಿದ್ದಾಳೆ ಅಂದುಕೊಂಡ ಅವನು.

"ಹ್ಞೂ, ಕೊನೆಗೂ ಸಿಕ್ತು."

ಅವಳು ನೇರ ಬಂದು ಅವನ ಮುಂದೆ ನೆಲದ ಮೇಲೆ ಕೂತಳು. ಕತ್ತಿಯನ್ನು ಅವನ ಕೈಯಿಂದ ಕಿತ್ತು ಮಡಿಲಿಗೆಳೆದುಕೊಂಡಳು. "ಗುಂಡಾ, ಇದೊಂದನ್ನ ಕಳಿಸ್ದೆಯೇನೋ," ಎಂದು ಶುರುವಾದ ಅಳು ಪಕ್ಕದ ಮನೆಗಳಿಗೆಲ್ಲ ಕೇಳಿತು. ಹುಟ್ಟಿನಿಂದ ಕಡ್ಡಿಯಂತಿದ್ದ ಮಗನಿಗೆ ಗುಂಡ ಅಂತ ಹೆಸರಿಟ್ಟವಳೂ ಅವಳೇ. ಮುದುಕನಿಗೆ ಆಗ ತಾನು ಆಡಿದ ಮಾತು ಅರ್ಥವಾಯಿತು. ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನೆರೆಯವರು ಒಳಗೆ ನುಗ್ಗಿದ್ದರು, ನೌಕಾಪಡೆಯವರಿಗೆ ಸಮುದ್ರದಲ್ಲಿ ಕತ್ತಿ ಸಿಕ್ಕಿತಂತೆ ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಮುದುಕ ಖಾಲಿ ಪೆಟ್ಟಿಗೆಯ ಮುಚ್ಚಳ ಹಾಕಿದ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಸುದ್ದಿ ಯಾರೋ ಮುಟ್ಟಿಸಿದ್ದರು, ಓಡುತ್ತಲೇ ಬಂದಳು. ಅತ್ತೆಯ ಪಕ್ಕ ಮಂಡಿಯೂರಿ ಕತ್ತಿಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಅವಳ ಹೆಬ್ಬೆರಳು ಹಿಡಿಗೆ ಸುತ್ತಿದ ತಂತಿಯ ಮೇಲೆ ಮೆಲ್ಲಗೆ ಓಡಿತು, ಒಂದೆಡೆ ನಿಂತಿತು, ಮತ್ತೆ ಓಡಿತು. ಆಮೇಲೆ ತಲೆಯೆತ್ತಿ ಮಾವನನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ.

ಜನ ಕರಗಿದ ಮೇಲೆ ಅಡುಗೆಮನೆಯಲ್ಲಿ ಸೊಸೆ ಕೇಳಿದಳು.

"ಎಲ್ಲಿಂದ ತಂದ್ರಿ ಮಾವ?"

"ಅಂಗಡಿಯಿಂದ, ಮಗಳೇ. ಗೋಡೆಗೆ ಅಂತ ತಂದೆ. ಅವಳು ಹೀಗೆ ತಿಳ್ಕೋತಾಳೆ ಅಂತ ನನಗೇನು ಗೊತ್ತು."

"ಅವರ ಕತ್ತಿಲಿ ಒಂದು ತಂತಿ ಕಿತ್ತು ಬಂದಿತ್ತು. ಅಂಗೈಗೆ ಚುಚ್ಚುತ್ತೆ ಅಂತಿದ್ರು. ನಾನೇ ಇಕ್ಕಳದಲ್ಲಿ ಒತ್ತಿ ಕೊಟ್ಟಿದ್ದೆ." ಅವಳು ನಲ್ಲಿಯ ಕೆಳಗೆ ಕೈಯಿಟ್ಟು ತೊಳೆದುಕೊಂಡಳು. "ಬಾಗಿಲು ದಾಟಿದಾಗ ನಾನೂ ನಂಬಿದೆ ಮಾವ. ಒಂದು ಗಳಿಗೆ ಎಷ್ಟು ಹಗುರ ಆಯ್ತು ಗೊತ್ತಾ? ಸದ್ಯ, ಇನ್ನು ಕಾಯೋದಿಲ್ಲ ಅಂತ."

ಈಗಲೇ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಅವನು ಹೊರಟ. ಅವಳು ಅವನ ತೋಳು ಹಿಡಿದಳು.

"ಬೇಡ. ಅತ್ತೆ ಇವತ್ತು ಅತ್ರು."

ಒಂದು ಸುಳ್ಳಿಗೆ ನೂರು ಸುಳ್ಳಿನ ಊರುಗೋಲು ಬೇಕಾಯಿತು. ಯಾರು ತೆಗೆದರು, ಎಷ್ಟು ಆಳದಲ್ಲಿತ್ತು, ತುಕ್ಕೇಕೆ ಹಿಡಿದಿಲ್ಲ ಎಂದೆಲ್ಲ ಹೆಂಡತಿ ಕೇಳುವಳು. ಉಪ್ಪುನೀರು ಹತ್ತಿದ್ದನ್ನು ತೊಳೆದು ಹೊಳಪು ಕೊಟ್ಟರು ಎಂದು ಮುದುಕ ತಡವರಿಸುವನು. ಅವಳು ಎಲ್ಲವನ್ನೂ ನಂಬಿದಳು. ಮಗನ ಅಂಗಿಗಳನ್ನು ಮಡಚಿ ಬೇಕಾದವರಿಗೆ ಕೊಟ್ಟಳು. ತಟ್ಟೆ ಹಾಕುವುದನ್ನು ನಿಲ್ಲಿಸಿದಳು. ನಿದ್ದೆಯೂ ಬರತೊಡಗಿತು. ಸಾವು ಮನೆಯೊಳಗೆ ಬಂದು ತನ್ನ ಜಾಗದಲ್ಲಿ ಕೂತ ಮೇಲೆ ಅವಳು ಮತ್ತೆ ಮೊದಲಿನ ಹೆಂಗಸಿನಂತೆ ಓಡಾಡಿದಳು.

ಸೊಸೆ ಮಾತ್ರ ಫೋನು ಸದ್ದು ಮಾಡಿದಾಗಲೆಲ್ಲ ಬೆಚ್ಚಿ ತಿರುಗುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ಕೆಮ್ಮಿದರೆ ಗಂಡನಿರಬಹುದೆಂದು ಎದ್ದು ನೋಡುತ್ತಿದ್ದಳು. ಅದನ್ನು ಕಂಡ ಅತ್ತೆಯೇ ಒಂದು ದಿನ ಹತ್ತಿರ ಕೂರಿಸಿಕೊಂಡಳು. ಹೋದವನು ಹೋದ, ನಿನಗಿನ್ನೂ ವಯಸ್ಸಿದೆ, ಅವನ ಹೆಸರು ಹಿಡಿದುಕೊಂಡು ಇಲ್ಲಿ ಸವೆಯಬೇಡ, ಯಾರಾದರೂ ಒಳ್ಳೆಯವನು ಸಿಕ್ಕರೆ ಕಟ್ಟಿಕೋ ಎಂದಳು. ಸೊಸೆ ತನ್ನ ಕೆಲಸದ ಅಂಗಡಿಯ ಹತ್ತಿರ ಒಂದು ಕೋಣೆ ಹಿಡಿದಳು.

ಹೊರಡುವ ದಿನ ಅತ್ತೆ ಗೋಡೆಯಿಂದ ಕತ್ತಿಯಿಳಿಸಿ ಹಳೆಯ ಹೊದಿಕೆಯಲ್ಲಿ ಸುತ್ತಿದಳು. ಎಲ್ಲವನ್ನೂ ತಾಳಿಕೊಂಡವಳು ನೀನು, ಇದು ನಿನಗೇ ಸೇರಬೇಕು ಎಂದು ಅವಳ ತೋಳಲ್ಲಿಟ್ಟಳು. ಸೊಸೆ ಮಾವನ ಕಡೆ ನೋಡಿದಳು. ಮುದುಕ ಅವಳ ಟ್ರಂಕು ಎತ್ತಿಕೊಂಡು ಮೆಟ್ಟಿಲಿಳಿದ.

ಗಾಡಿಯಲ್ಲಿ ಕೂತು ಅವಳು ಆ ಉದ್ದನೆಯ ಗಂಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಅದು ಬಾಗಿಲಿಗೆ ತಗುಲುತ್ತಿತ್ತು.

"ಮಾವ," ಅಂದಳು, "ನಾನಿದನ್ನ ಏನಂತ ಇಟ್ಕೊಳ್ಲಿ?"

ಅವನು ಗಂಟನ್ನು ಕೊಂಚ ಓರೆ ಮಾಡಿ, ಬಾಗಿಲು ಮುಚ್ಚಲು ಜಾಗ ಮಾಡಿಕೊಟ್ಟ. ಗಾಡಿ ಹೊರಟಿತು.