ತೆಳ್ಳಗಿನದು ಬೇಡ ಎಂದವಳು

ಹಾಸನದ ಬಿ.ಎಂ. ರಸ್ತೆಯ ಕಂಪ್ಯೂಟರ್ ಅಂಗಡಿಯ ಮೇಜಿನ ಮೇಲೆ ಮಧ್ಯಾಹ್ನದಿಂದ ಎರಡು ಲ್ಯಾಪ್‌ಟಾಪುಗಳು ಅಕ್ಕಪಕ್ಕ ಓಡುತ್ತಿದ್ದವು. ಎರಡರ ಪರದೆಯ ಮೇಲೂ ಒಂದೇ ಕಾರ್ ರೇಸ್. ಒಂದು ತೆಳ್ಳಗೆ, ಬೆಳ್ಳಿಯ ಬಣ್ಣದ್ದು. ಇನ್ನೊಂದು ಕಪ್ಪಗೆ, ದಪ್ಪಗೆ, ಬೆನ್ನಿನ ತುಂಬ ಜಾಲರಿ ಇದ್ದದ್ದು. ಅವುಗಳ ಮುಂದೆ ಸ್ಟೂಲಿನ ಮೇಲೆ ಕೂತ ಹುಡುಗಿ ಏಳುವ ಲಕ್ಷಣವೇ ಕಾಣದೆ ಅಂಗಡಿಯ ಜಯಂತ್ ಬಾಗಿಲಿಗೂ ಗಲ್ಲಾಪೆಟ್ಟಿಗೆಗೂ ಓಡಾಡುತ್ತಿದ್ದ.

‘ಮೇಡಂ, ಎಲ್ಲರೂ ಐದು ನಿಮಿಷ ನೋಡಿ ತಗೊಂಡ್ಹೋಗ್ತಾರೆ. ನೀವೇನು ಇಲ್ಲೇ ಡಿಗ್ರಿ ಮುಗಿಸ್ತೀರಾ?’

‘ಎರಡೂ ಚೆನ್ನಾಗಿ ಕಾಯಲಿ ಇರಿ ಸಾ. ಇನ್ನೂ ಬಿಸಿಯಾಗಿಲ್ಲ,’ ಎಂದಳು ಸ್ನೇಹಲತಾ.

ಅದು ೨೦೦೯ರ ಆಗಸ್ಟ್. ಅರಕಲಗೂಡಿನ ಹತ್ತಿರ ತಂಬಾಕು, ಶುಂಠಿ ಬೆಳೆಯುವ ರಾಮಣ್ಣನ ಮಗಳು ಸ್ನೇಹಲತಾ ಹಾಸನದಲ್ಲಿ ಬಿಎಸ್ಸಿ ಓದುತ್ತಿದ್ದಳು. ಓದಿನಷ್ಟೇ ಶ್ರದ್ಧೆಯಿಂದ ಬಸ್ ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿನಲ್ಲಿ ಪರದೆಯ ಮೇಲೆ ಕಾರು ಓಡಿಸುತ್ತಿದ್ದಳು. ಅಲ್ಲಿ ಅವಳನ್ನು ಸೋಲಿಸುವವರು ಯಾರೂ ಉಳಿದಿರಲಿಲ್ಲ. ಆದರೆ ಗೆದ್ದಾಗಲೆಲ್ಲ ಹುಡುಗರದು ಒಂದೇ ಮಾತು: ‘ಅದು ಮೂಲೆ ಕಂಪ್ಯೂಟರ್ ಕಣೋ. ಅಲ್ಲಿ ಯಾರು ಕೂತ್ರೂ ಗೆಲ್ತಾರೆ.’ ಅಕ್ಟೋಬರಿನಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದರಲ್ಲಿ ಇದೇ ಕಾರ್ ರೇಸಿನ ಜಿಲ್ಲಾ ಮಟ್ಟದ ಪಂದ್ಯ ನಿಗದಿಯಾಗಿತ್ತು. ಗೆದ್ದ ಒಬ್ಬರು ಮಾತ್ರ ಮೈಸೂರಿನ ರಾಜ್ಯ ಪಂದ್ಯಕ್ಕೆ. ಯಂತ್ರ ಅವರವರದೇ ತರಬೇಕು. ಮೈಸೂರಿಗೆ ಹೋಗಲೇಬೇಕು, ಅದೂ ಯಾರೂ ಮೂಲೆ ಕಂಪ್ಯೂಟರಿನ ಮಾತೆತ್ತದ ಹಾಗೆ ಹೋಗಬೇಕು ಎನ್ನುವುದು ಅವಳ ಹಟ. ಶುಂಠಿಗೆ ಆ ವರ್ಷ ಒಳ್ಳೆಯ ಬೆಲೆ ಸಿಕ್ಕಿತ್ತು. ರಾಮಣ್ಣ ಕೊಡಿಸಲು ಒಪ್ಪಿದ್ದ. ‘ಒಂದ್ಸಲ ಕಣವ್ವ. ಆಮೇಲೆ ಚೆನ್ನಾಗಿಲ್ಲ, ಬದಲಾಯ್ಸು ಅಂದ್ರೆ ನನ್ ಕೈಲಾಗಕ್ಕಿಲ್ಲ.’

ಮಗಳ ಜೊತೆ ಅಂಗಡಿಗೆ ಬಂದಿದ್ದ ಅವನಿಗೆ ತೆಳ್ಳಗಿನದೇ ಮನಸ್ಸಿಗೆ ಬಂದಿತ್ತು. ಎರಡನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡಿದ್ದ. ‘ಇದ್ ನೋಡು, ಬಾಳೆಲೆ ಅಂಗದೆ. ನೀನು ದಿನಾ ಬಸ್ಸಲ್ಲಿ ಓಗೋಳು. ಆ ಕರಿ ಎಮ್ಮೆ ಯಾಕೆ?’

‘ಹೇಳಿ ಯಜಮಾನ್ರೇ,’ ಎಂದು ಜಯಂತ್ ಉತ್ಸಾಹಗೊಂಡ. ‘ಇದೇ ಈಗಿನ ಫ್ಯಾಷನ್. ವ್ಯಾನಿಟಿ ಬ್ಯಾಗಲ್ಲಿ ಹಿಡಿಯುತ್ತೆ. ಒಳಗಿರೋ ಗ್ರಾಫಿಕ್ಸ್ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ.’

ಸ್ನೇಹಲತಾ ಎರಡರ ಪಕ್ಕಕ್ಕೂ ಅಂಗೈ ಹಿಡಿದಳು. ತಂಬಾಕು ಹದಮಾಡುವ ಬ್ಯಾರನ್ನಿನ ಬೆಂಕಿಯನ್ನು ಅವಳು ಚಿಕ್ಕಂದಿನಿಂದ ಕಾದವಳು. ಸೌದೆ ಎಷ್ಟು ಉರಿದರೂ ಮೇಲಿನ ಕಿಂಡಿ ಸರಿಯಾಗಿ ತೆರೆಯದಿದ್ದರೆ ಎಲೆ ಬೆಂದು ಕಪ್ಪಾಗುತ್ತದೆ ಎನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೆಳ್ಳಗಿನದರ ಕೀಲಿಗಳ ಮೇಲೆ ಬೆರಳಿಡಲಾಗುತ್ತಿರಲಿಲ್ಲ, ಇಸ್ತ್ರಿಪೆಟ್ಟಿಗೆಯ ಹಾಗೆ ಕಾದಿತ್ತು. ಪರದೆಯ ಮೇಲಿನ ಕಾರು ತಿರುವಿನಲ್ಲಿ ಬಿಕ್ಕಳಿಸಿತು. ದಪ್ಪನೆಯದು ಹೋ ಎಂದು ಸದ್ದು ಮಾಡುತ್ತ ಬಿಸಿಗಾಳಿಯನ್ನೆಲ್ಲ ಹಿಂದಕ್ಕೆ ಉಗುಳಿ ಸಲೀಸಾಗಿ ಓಡುತ್ತಿತ್ತು.

‘ಇದೇ ಕೊಡಿ,’ ಎಂದಳು ಅವಳು, ಕರಿ ಎಮ್ಮೆಯನ್ನು ತಟ್ಟಿ.

ಜಯಂತ್ ಅದನ್ನು ಡಬ್ಬಕ್ಕೆ ಹಾಕುವಾಗ ಹೊಟ್ಟೆಯ ಕಡೆ ಸ್ಕ್ರೂ ಮೇಲೆ ಅಂಟಿಸಿದ್ದ ಪುಟ್ಟ ಚೀಟಿಯನ್ನು ತೋರಿಸಿ ಎಚ್ಚರಿಸಿದ. ‘ಯಾವ ಕಾರಣಕ್ಕೂ ಬಿಚ್ಚಬೇಡಿ. ಈ ಚೀಟಿ ಹರಿದ್ರೆ ವಾರಂಟಿ ಹೋಯ್ತು.’

ಮನೆಯಲ್ಲಿ ಚಿಕ್ಕಪ್ಪನ ಮಗ ಸಂಜಯ್ ಅದನ್ನು ಕಂಡವನೇ ನಗಲು ಶುರುಮಾಡಿದ. ‘ಅಕ್ಕಾ, ಇದು ಲ್ಯಾಪ್‌ಟಾಪಾ, ಗ್ಯಾಸ್ ಒಲೇನಾ? ತೊಡೆ ಮೇಲಿಟ್ರೆ ಕಾಲೇ ಮುರೀತದೆ ಕಣೇ!’

‘ನಿನ್ ತೊಡೆ ಮೇಲೆ ಯಾರ್ಲಾ ಇಡ್ತಾರೆ?’ ಎಂದು ಅವಳು ತಾಲೀಮಿಗೆ ಕೂತಳು. ಸೆಪ್ಟೆಂಬರಿಡೀ ಹಜಾರದಲ್ಲಿ ಪರದೆಯ ಟೈರುಗಳ ಕಿರುಚಾಟ. ಅವಳ ಬೆರಳು ಪಳಗಿದವು.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಜ್ಜಿ ಸುಬ್ಬಮ್ಮ ಟ್ರ್ಯಾಕ್ಟರು, ಔಷಧಿ ಹೊಡೆಯುವ ಪಂಪು, ಮಚ್ಚು, ಕುಡುಗೋಲು, ಮಿಕ್ಸಿ ಎಲ್ಲವನ್ನೂ ಸಾಲಾಗಿ ಇಡಿಸಿದಳು. ಲ್ಯಾಪ್‌ಟಾಪನ್ನೂ ತರಿಸಿದಳು. ‘ಅಚ್ಚು ಅದನ್ನ. ದೀಪ ಉರೀಲಿ. ಸತ್ತಂಗೆ ಬಿದ್ದಿದ್ರೆ ಪೂಜೆ ಎಂಗ್ ಮಾಡದು?’ ಎಂದು ಹಟ ಹಿಡಿದಳು. ಉರಿಯುತ್ತಿದ್ದ ಯಂತ್ರಕ್ಕೆ ಕೈತುಂಬ ವಿಭೂತಿ, ಅರಿಶಿನ, ಕುಂಕುಮ ಎರಚಿದಳು. ಜಾಲರಿಗೆ ಚೆಂಡುಹೂವು ಸಿಕ್ಕಿಸಿದಳು. ಮೊಮ್ಮಗಳು ಮೇಲೆ ಕಂಡದ್ದನ್ನು ಬಟ್ಟೆಯಿಂದ ಒರೆಸಿ ಎತ್ತಿಟ್ಟಳು. ಒಳಗೆ ಫ್ಯಾನು ಎಷ್ಟು ಎಳೆದುಕೊಂಡಿತ್ತೋ ಯಾರಿಗೆ ಕಂಡಿತು.

ಚನ್ನರಾಯಪಟ್ಟಣಕ್ಕೆ ರಾಮಣ್ಣ ಮಗಳ ಜೊತೆ ತಾನೂ ಬಂದ. ಸಂಜೆಯ ಹೊತ್ತಿಗೆ ಕಾಲೇಜಿನ ಸಭಾಂಗಣದ ಪಂದ್ಯದಲ್ಲಿ ಇಬ್ಬರು ಉಳಿದಿದ್ದರು: ಸ್ನೇಹಲತಾ ಮತ್ತು ಹೊಳೆನರಸೀಪುರದ ವಸಿಷ್ಠ. ಅವನು ಸಂಸ್ಕೃತ ಮೇಷ್ಟರ ಮಗ, ಮಾತಿಗಾರ. ಅವನ ಮುಂದಿದ್ದದ್ದು ಜಯಂತನ ಅಂಗಡಿಯಲ್ಲಿ ಅವಳು ಬೇಡ ಎಂದಿದ್ದ ಅದೇ ತೆಳ್ಳನೆಯ ಬೆಳ್ಳಿಬಣ್ಣದ ಮಾದರಿ. ಅಂತಿಮ ಸುತ್ತಿನಲ್ಲಿ ಮೂರು ಓಟ. ಎರಡು ಗೆದ್ದವರು ಮೈಸೂರಿಗೆ.

ಮೊದಲ ಓಟದ ಅರ್ಧದಲ್ಲಿ ಅವಳ ಫ್ಯಾನಿನ ಸದ್ದು ಬದಲಾಯಿತು. ಗೊರಗೊರ ಎಂದಿತು. ಕೀಲಿಗಳು ಬಿಸಿಯಾದವು. ತಿರುವಿನಲ್ಲಿ ಕಾರು ನಿಂತು, ಜಿಗಿದು, ಮತ್ತೆ ನಿಂತು ಗೋಡೆಗೆ ಬಡಿಯಿತು. ವಸಿಷ್ಠ ಗೆದ್ದ.

‘ಏನ್ರೀ, ನಿಮ್ಮ ರೈಸ್ ಮಿಲ್ಲಲ್ಲಿ ಭತ್ತ ಮುಗೀತಾ?’ ಎಂದ. ಹುಡುಗರೆಲ್ಲ ನಕ್ಕರು.

ಹತ್ತು ನಿಮಿಷ ಬಿಡುವು. ಸ್ನೇಹಲತಾ ಯಂತ್ರವನ್ನು ಬೋರಲು ಹಾಕಿದಳು. ಜಾಲರಿಯ ಸಂದಿಯಲ್ಲಿ ಕೆಂಪು ಪುಡಿ, ಬಾಡಿದ ಹಳದಿ ಎಸಳು. ಅವಳಿಗೆ ಎಲ್ಲ ಅರ್ಥವಾಯಿತು. ಕಿಂಡಿ ಕಟ್ಟಿಕೊಂಡ ಬ್ಯಾರನ್ನು! ಬಿಚ್ಚಿದರೆ ಚೀಟಿ ಹರಿಯುತ್ತದೆ. ಬಿಚ್ಚದಿದ್ದರೆ ಮೈಸೂರಿನ ಮಾತೇ ಇಲ್ಲ.

‘ಅಪ್ಪಾ, ಟೆಸ್ಟರ್ ಕೊಡು.’

ಪಂಪ್‌ಸೆಟ್ ಇಟ್ಟುಕೊಂಡ ರೈತರ ಅಂಗಿಜೇಬಿನಲ್ಲಿ ಪೆನ್ನಿಲ್ಲದಿದ್ದರೂ ಕರೆಂಟ್ ನೋಡುವ ಟೆಸ್ಟರ್ ಇರುತ್ತದೆ. ಮದುವೆಗೆ ಹೊರಟರೂ ಇರುತ್ತದೆ. ರಾಮಣ್ಣ ಕೊಟ್ಟ. ಆಮೇಲೆ ಗಾಬರಿಯಾದ. ‘ಲೇ, ಬಿಚ್ಬ್ಯಾಡ ಅಂದಿದ್ನಲ್ಲವ್ವ ಆ ಅಂಗಡಿಯೋನು!’

‘ಅಂದಿದ್ದ ಕಣಪ್ಪ,’ ಎಂದು ಅವಳು ಚೀಟಿಯ ನಡುವೆ ಟೆಸ್ಟರ್ ಚುಚ್ಚಿ ತಿರುಗಿಸಿದಳು.

ಅಡಿಯ ಮುಚ್ಚಳ ಡಬ್ಬಿಯ ಹಾಗೆ ಕೈಗೆ ಬಂತು. ಫ್ಯಾನಿನ ರೆಕ್ಕೆಗಳ ಮೇಲೆ ವಿಭೂತಿ, ಕುಂಕುಮ ಹೆಪ್ಪುಗಟ್ಟಿತ್ತು. ಎಸಳುಗಳನ್ನು ಹೆಕ್ಕಿ ತೆಗೆದು, ರೆಕ್ಕೆಗಳನ್ನು ದುಪಟ್ಟಾದ ತುದಿಯಿಂದ ಒರೆಸಿ, ಉಸಿರು ತುಂಬಿಕೊಂಡು ಊದಿದಳು. ಕೆಂಪು ಮೋಡ ಎದ್ದು ಅವಳ ಮುಖಕ್ಕೇ ಬಡಿಯಿತು. ಸಭಾಂಗಣ ಗೊಳ್ಳೆಂದಿತು. ಅವಳು ಸೀನಿ, ಮತ್ತೆ ಊದಿ, ಮುಚ್ಚಳ ಬಿಗಿದಳು.

ಎರಡನೇ ಓಟದಲ್ಲಿ ಫ್ಯಾನು ಹೋ ಎಂದಿತು. ಅವಳು ಕೆಂಪು ಮುಖದಲ್ಲೇ ಕೂತು ಓಡಿಸಿ ನಿಚ್ಚಳವಾಗಿ ಗೆದ್ದಳು. ಈಗ ನಗುವವರು ಯಾರೂ ಇರಲಿಲ್ಲ.

ವಸಿಷ್ಠ ಎದ್ದುನಿಂತ. ಅವನ ಯಂತ್ರವೂ ಕೆಂಡವಾಗಿತ್ತು. ‘ಸರ್, ಒಂದು ನಿಮಿಷ... ನಮ್ಮನೇಲೂ ಪೂಜೆ ಮಾಡಿದ್ದಾರೆ.’

ತೀರ್ಪುಗಾರ ರುದ್ರಯ್ಯ ಮೇಷ್ಟ್ರು ಹಣೆ ಚಚ್ಚಿಕೊಂಡರು. ‘ಯಾರ ಮನೇಲಿ ಮಾಡಿಲ್ಲಪ್ಪ?’

ಸ್ನೇಹಲತಾ ಟೆಸ್ಟರನ್ನು ಅವನ ಕೈಗಿಟ್ಟಳು. ಅವನು ಯಂತ್ರವನ್ನು ಆ ಕಡೆ ಈ ಕಡೆ ತಿರುಗಿಸಿದ. ಅಷ್ಟು ನಯವಾದ ಮೈಯಲ್ಲಿ ತಿರುಗಿಸಲು ಒಂದು ಸ್ಕ್ರೂ ಕೂಡ ಇರಲಿಲ್ಲ.

‘ಟೈಮ್ ಆಯ್ತು. ಶುರು ಮಾಡ್ಸಲಾ?’ ಎಂದರು ಮೇಷ್ಟ್ರು. ಆಗಲೇ ಓಟ ಶುರುವಾಗಿದ್ದರೆ ಗೆಲುವು ಅವಳ ಕೈಯಲ್ಲೇ ಇತ್ತು. ಆದರೆ ಅಂಥ ಗೆಲುವಿನ ಬಗ್ಗೆ ಹುಡುಗರು ಏನನ್ನುತ್ತಾರೆ ಎನ್ನುವುದು ಅವಳಿಗೆ ಬಾಯಿಪಾಠವಾಗಿತ್ತು.

‘ಬ್ಯಾಡ ಸಾ. ಅವ್ರದ್ದು ತಣ್ಣಗಾಗ್ಲಿ. ನಾನು ಕಾಯ್ತೀನಿ.’

‘ಏ, ಇವ್ಳಿಗೇನ್ ತಲೆ ಕೆಟ್ಟದಾ!’ ಎಂದು ರಾಮಣ್ಣ ಗೊಣಗಿದ.

ಬೆಳ್ಳಿಯ ಯಂತ್ರವನ್ನು ಸೀಲಿಂಗ್ ಫ್ಯಾನಿನ ಕೆಳಗೆ ಮಲಗಿಸಿದರು. ಅದು ತಣ್ಣಗಾಯಿತು ಎಂದು ವಸಿಷ್ಠನೇ ಹೇಳಿದ ಮೇಲೆ ಮೂರನೇ ಓಟ ಶುರುವಾಯಿತು.

ಬೆಟ್ಟದ ದಾರಿ. ಎರಡೂ ಕಾರು ಒಂದಕ್ಕೊಂದು ತಾಗುವ ಹಾಗೆ ಏರಿದವು. ಅವನ ಕಾರು ಎಲ್ಲೂ ಬಿಕ್ಕಲಿಲ್ಲ. ನೆತ್ತಿಯ ತಿರುವಿನಲ್ಲಿ ಅವನು ವೇಗ ತಗ್ಗಿಸಿದ, ಅಲ್ಲಿ ಎಲ್ಲರೂ ತಗ್ಗಿಸುತ್ತಾರೆ. ಅವಳು ತಗ್ಗಿಸಲಿಲ್ಲ. ಕಾರನ್ನು ಅಡ್ಡಡ್ಡ ಜಾರಿಸಿ, ಪ್ರಪಾತದ ಅಂಚನ್ನು ಹಿಂದಿನ ಚಕ್ರದಿಂದ ಸವರಿ, ಒಳಬದಿಯಿಂದ ನುಗ್ಗಿದಳು. ಇಳಿಜಾರಿಗೆ ಬರುವಾಗ ಅವಳ ಮುಂದೆ ಖಾಲಿ ರಸ್ತೆ ಮಾತ್ರ ಇತ್ತು. ಬೆಳ್ಳಿಯ ಯಂತ್ರ ಮತ್ತೆ ಕಾದು ತೊದಲಿದ್ದು ಅವಳು ಗುರಿಗೆರೆ ದಾಟಿದ ಮೇಲೆ.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ. ‘ಮಿಷನ್ನಿಂದ ಗೆದ್ದಿದ್ದು ಕಣ್ರೋ!’

‘ಮುಚ್ಕೊಂಡು ಕೂತ್ಕೊಳೋ,’ ಎಂದ ವಸಿಷ್ಠ ಎದ್ದು. ‘ನಂದು ನೆಟ್ಟಗೆ ಓಡ್ತಿದ್ದಾಗ್ಲೇ ದಾಟಿ ಹೋದ್ರು. ಆ ತಿರುವು ನಿನ್ನ ಕೈಲಿ ಆಗುತ್ತಾ? ನನ್ನ ಕೈಲಂತೂ ಆಗಲ್ಲ.’ ಅವನು ಅವಳ ಕೈ ಕುಲುಕಿದ.

ಮೇಷ್ಟ್ರು ಮೈಕಿನಲ್ಲಿ ಊರಿನ ಹೆಸರು ಸಮೇತ ಅವಳ ಹೆಸರು ಕೂಗಿದರು. ಚಪ್ಪಾಳೆ ಗೋಡೆಗೆ ತಾಗಿ ಹಿಂದಿರುಗಿತು. ಸ್ನೇಹಲತಾ ಕುರ್ಚಿಯ ಮೇಲೆ ಹತ್ತಿನಿಂತಳು, ಯಾಕೆಂದು ಅವಳಿಗೂ ತಿಳಿಯದು. ಎರಡೂ ಕೈ ಮೇಲೆತ್ತಿ, ಹೊಲದ ಆಚೆ ತುದಿಗೆ ಕೇಳಿಸುವ ಹಾಗೆ ಒಂದು ಕೂಗು ಹಾಕಿದಳು.

ಪರದೆಯಲ್ಲಿ ಯಾವ ಕಾರು ಯಾರದೆಂದು ಕೊನೆಯವರೆಗೂ ಗೊತ್ತಾಗದಿದ್ದ ರಾಮಣ್ಣ ಜನರನ್ನು ತಳ್ಳಿಕೊಂಡು ಮುಂದೆ ಬಂದ.

‘ಮೈಸೂರಿಗೆ ನೀನೇನವ್ವಾ?’

‘ನಾನೇ ಕಣಪ್ಪಾ! ನಾನೊಬ್ಳೇ!’

‘ಒಬ್ಳೇ ಎಂಗ್ ಓಗ್ತಾಳೆ,’ ಎಂದ ಅವನು, ಪಕ್ಕದಲ್ಲಿದ್ದ ಗುರುತಿಲ್ಲದವರ ಹೆಗಲು ಹಿಡಿದು ಅಲ್ಲಾಡಿಸುತ್ತ. ‘ನಾನೂ ಬತ್ತೀನಿ ಕಣ್ರೀ, ನಾನೂ ಬತ್ತೀನಿ!’