ಮೇಲುಜಾಗದ ಚಳಿ

ಬೆರಳು ಸುಟ್ಟಿತು. ತೆಮಿರ್ಕುಲ್ ಕೈ ಹಿಂದಕ್ಕೆಳೆದುಕೊಂಡ. ಮನೆ ಕಾಯಿಸುವ ರೇಡಿಯೇಟರಿನಲ್ಲಿ ತಪ್ಪಿರಲಿಲ್ಲ. ಅದರ ಮುಂದೆಯೇ, ಅಪ್ಪನ ಹಾಸಿನ ಮೇಲಿಟ್ಟ ತಾಪಮಾಪಕ ಮಾತ್ರ ಹನ್ನೆರಡು ಡಿಗ್ರಿ ತೋರಿಸುತ್ತಿತ್ತು.

ಕಿರ್ಗಿಸ್ತಾನದ ಗುಡ್ಡದೂರು ನರೀನ್‌ನಲ್ಲಿ ಜನವರಿ. ಊರಿನ ಬಾಯ್ಲರಿನಿಂದ ಕುದಿನೀರು ಬರುತ್ತಿತ್ತು. ಕೊಳವೆಯಲ್ಲಿ ಗಾಳಿ ಸೇರಿಕೊಂಡಿರಲಿಲ್ಲ. ಕಿಟಕಿಯ ಸಂದುಗಳಿಗೆ ಅವನೇ ಕಾಗದ ಅಂಟಿಸಿದ್ದ. ಇನ್ನೊಮ್ಮೆ ಶ್ವಾಸಕೋಶಕ್ಕೆ ಶೀತ ಹಿಡಿದರೆ ಮುದುಕರು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಅವನನ್ನು ಮೊದಲು ಚುಚ್ಚಿದ್ದು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನ ಮನೆ ಹೀಗೆ ತಣ್ಣಗಿರುವ ಅವಮಾನ. ಅಪ್ಪನ ಎದೆ ಆಮೇಲಿನದು. ಈ ಕ್ರಮ ಅವನಿಗೆ ಗೊತ್ತಿತ್ತು.

ಕಿಟಕಿಯ ಹೊಸ ಪರದೆಯನ್ನು ಎತ್ತಿದ. ಬಿಸಿಗಾಳಿ ಮುಖಕ್ಕೆ ಬಡಿಯಿತು. ಬಿಟ್ಟ, ನಿಂತಿತು. ನೆಲ ಮುಟ್ಟುವ ಮಖಮಲ್ಲು ರೇಡಿಯೇಟರನ್ನು ಮುಚ್ಚಿ ಕಾವನ್ನೆಲ್ಲ ಗಾಜಿಗೆ ಕಳಿಸುತ್ತಿತ್ತು. ಇಷ್ಟು ದಿನ ಅವರು ಬೀದಿಯನ್ನು ಕಾಯಿಸುತ್ತಿದ್ದರು.

"ಬೆರ್ಮೆಟ್, ಸಿಕ್ತು! ಪರದೆ ಎತ್ತಿ ಕಟ್ಟಿದ್ರೆ ಸಾಕು."

ಹೆಂಡತಿ ಅಡುಗೆಮನೆಯಿಂದ ಇಣುಕಿದಳು. "ಬೀಗರು ಬರೋ ದಿನವೇ ಕಟ್ಟಬೇಕಾ? ಆ ರೇಡಿಯೇಟರಿನ ತುಕ್ಕು ನೋಡ್ಕೊಂಡು ಊಟ ಮಾಡ್ಬೇಕಾ ಅವರು?"

"ಹಾಗಾದ್ರೆ ಅಪ್ಪನ್ನ ಬಾಗಿಲ ಕಡೆ ಕೂರ್ಸೋಣ. ಅಲ್ಲಿ ಬೆಚ್ಚಗಿದೆ."

"ಕೂರ್ಸಿ. ಮಾವನ್ನ ಚಪ್ಪಲಿ ಹತ್ರ ಕೂರ್ಸಿದ ಮನೆ ಅಂತಾರೆ. ಮದುವೆ ಮುರಿದು ಮಗಳು ಇಲ್ಲೇ ಇರ್ತಾಳೆ, ನಿಮ್ಮ ಡಿಗ್ರಿ ಎಣಿಸ್ಕೊಂಡು."

ಬಾಗಿಲಿಗೆ ಎದುರಾಗಿ, ಕಿಟಕಿಯ ಕೆಳಗಿನ ಮೇಲುಜಾಗ ಹಿರಿಯನದು. ಅದಕ್ಕೆ ಬೇರೆ ಮಾತಿರಲಿಲ್ಲ.

ತೆಮಿರ್ಕುಲ್ ಪರದೆಯನ್ನು ಮತ್ತೆ ಎತ್ತಿದ.

"ಹಾಗೇ ಹಿಡ್ಕೋ ಮಗಾ," ಎಂದ ಅಪ್ಪ. "ಬೆನ್ನಿಗೆ ಹಿತವಾಗಿದೆ."

"ತುಕ್ಕು ಕಾಣತ್ತಂತೆ ಅಪ್ಪಾ."

"ಬೀಗನ ಹಲ್ಲಲ್ಲೂ ತುಕ್ಕಿದೆ ಕಣೋ. ಹಿಡ್ಕೋ."

ಕರೆಗಂಟೆ ಸದ್ದಾಯಿತು. ತೆಮಿರ್ಕುಲ್ ಕೈಬಿಟ್ಟ. ಮಡಿಕೆಗಳನ್ನೂ ಸರಿಪಡಿಸಿದ. ಅಪ್ಪ ಅವನತ್ತ ನೋಡಲಿಲ್ಲ.

ಬೀಗ ಜುಮಾದಿಲ್ ಕೋಟು ಬಿಚ್ಚಿ, ಅಪ್ಪನ ಪಕ್ಕ ಕೂತು, ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಹೊದ್ದುಕೊಂಡ. "ಕುರಿ ಕಾಯೋನು ನಾನು, ಮೈಮೇಲೆ ಕೋಟಿಲ್ದಿದ್ರೆ ಬೆತ್ತಲೆ ಅನ್ಸತ್ತೆ," ಎಂದು ನಕ್ಕ. "ನಿಮ್ಮ ಅಪ್ಪ ನೋಡಿ, ಗುಡ್ಡ ಕೂತ ಹಾಗೆ!"

"ನಮ್ಮಲ್ಲಿ ಹಿರಿಯರ ಜಾಗ ಯಾವತ್ತೂ ಹಿರಿಯರಿಗೇ," ಎಂದ ತೆಮಿರ್ಕುಲ್. ಮಾತು ಚೆನ್ನಾಗಿ ಕೇಳಿಸಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹೇಳಿದ.

ಅವನು ಕೂತಿದ್ದು ಕೆಳಗಿನ ಜಾಗದಲ್ಲಿ, ಬಾಗಿಲ ಪಕ್ಕ. ಅಡುಗೆಮನೆಯ ಕಾವಿಗೆ ಅಂಗಿ ಬೆನ್ನಿಗಂಟಿತ್ತು. ಅಪ್ಪ ಕೆಮ್ಮಿದ. ಬೆರ್ಮೆಟ್ ಚಹಾ ಸುರಿದಳು. ಅಪ್ಪ ಇನ್ನಷ್ಟು ಕೆಮ್ಮಿದ. ಜುಮಾದಿಲ್ ದನಿ ಏರಿಸಿದ. ಮದುವೆ ವಸಂತಕ್ಕೆ ಎಂದು ನಿಶ್ಚಯವಾಯಿತು.

ಊಟ ಮುಗಿಯುವ ಹೊತ್ತಿಗೆ ಅಪ್ಪನ ಕೆಮ್ಮೂ ನಿಂತಿತ್ತು. ಹಿರಿಯ ಹರಸದೆ ಯಾರೂ ಏಳುವಂತಿಲ್ಲ. ಎಲ್ಲರೂ ಅಂಗೈ ಬಿಚ್ಚಿ ಎದೆಯ ಮುಂದೆ ಹಿಡಿದರು.

"ಅಪ್ಪಾ, ಹರಸಪ್ಪ," ಎಂದ ತೆಮಿರ್ಕುಲ್.

ಅವನ ತಟ್ಟೆಯಲ್ಲಿ ಕುರಿಯ ಕೊಬ್ಬು ಇನ್ನೂ ಎಣ್ಣೆಯಂತೆ ತಿಳಿಯಾಗಿತ್ತು. ನಡುವಿನ ತಟ್ಟೆಗಳಲ್ಲಿ ಮಬ್ಬಾಗಿತ್ತು. ಮೇಲುಜಾಗದಲ್ಲಿ ಗಟ್ಟಿಯಾಗಿ ಬೆಳ್ಳಗಾಗಿತ್ತು. ಅಪ್ಪನ ತಟ್ಟೆಯಲ್ಲಿ, ಬೆರಳುಗಳಲ್ಲಿ, ಮೀಸೆಯಲ್ಲಿ, ಕೂಡಿಕೊಂಡಿದ್ದ ಎರಡು ತುಟಿಗಳ ನಡುವೆ.

"ದೊಡ್ಡವರು ಒಳ್ಳೆ ಮಾತು ಹುಡುಕ್ತಿದಾರೆ," ಎಂದ ಜುಮಾದಿಲ್.

ಎಲ್ಲರೂ ಅಂಗೈ ಬಿಚ್ಚಿಕೊಂಡೇ, ಆ ಬಿಳಿ ಗೆರೆ ಒಡೆಯುವುದನ್ನು ಕಾಯುತ್ತಿದ್ದರು.