ಗುಡುಗು ಆಡದ ಮಾತು

ಸಂಶಯದ ಹುಳು ತಲೆಗೆ ಹೊಕ್ಕದ್ದು ಕ್ಷೌರದಂಗಡಿಯಲ್ಲಿ. ಗುಡುಗು ಕಣ್ಣು ಮುಚ್ಚಿ, ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಪಕ್ಕದ ಕುರ್ಚಿಗೆ ಬಂದು ಕೂತವನು ಕಬ್ಬಿಣ ಎಂದೇ ಎಲ್ಲರೂ ಕರೆಯುವ ಹಳೆಯ ಗೆಳೆಯ. ಇಬ್ಬರೂ ಹುಡುಗರಾಗಿದ್ದಾಗ ಒಬ್ಬರೇ ಗುರುಗಳ ಕೈಕೆಳಗೆ ಕುಸ್ತಿ ಕಲಿತವರು.

"ಮೊನ್ನೆ ಗುರುಗಳ ಮನೆಗೆ ಹೋಗಿದ್ದೆ ಕಣೋ," ಅಂದ ಕಬ್ಬಿಣ. "ನಿನ್ನ ಹೊಗಳಿದ್ದೇ ಹೊಗಳಿದ್ದು. ವಾರವಾರ ತಪ್ಪದೆ ಫೋನ್ ಮಾಡ್ತೀಯಂತಲ್ಲ. ಅಂತೂ ಇಂತೂ ಒಳ್ಳೇ ಬುದ್ಧಿ ಬಂತು ನಿಂಗೆ."

ಗಂಟಲ ಮೇಲೆ ಕತ್ತಿ ಇದ್ದದ್ದರಿಂದ ಗುಡುಗು ಅಲುಗಾಡಲಿಲ್ಲ. ಗುರುಗಳ ಜೊತೆ ಅವನು ಮಾತಾಡಿ ಹದಿನೆಂಟು ವರ್ಷವಾಗಿತ್ತು.

"ಯಾವತ್ತು ಮಾಡ್ತೀನಂತೆ?" ಎಂದು ತುಟಿ ಅಲುಗಿಸದೆ ಕೇಳಿದ.

"ಚೆನ್ನಾಗಿದೆ! ನೀನು ಯಾವತ್ತು ಮಾಡ್ತೀಯ ಅಂತ ನನ್ನ ಕೇಳ್ತೀಯಲ್ಲೋ. ಗುರುವಾರ, ಮಧ್ಯಾಹ್ನ ಮೂರು ಗಂಟೆಗೆ. ಸಿನಿಮಾದಲ್ಲಿ ಮಾತಾಡೋ ದನೀಲೇ ನನ್ನ ಹತ್ರಾನೂ ಮಾತಾಡ್ತಾನೆ ಅಂತ ಮುದುಕರಿಗೆ ಹೆಮ್ಮೆ." ಕಬ್ಬಿಣ ದನಿ ತಗ್ಗಿಸಿದ. "ಆ ಹಳೇ ವಿಷಯಾನೂ ಒಪ್ಪಿಕೊಂಡ್ಯಂತೆ. ಒಳ್ಳೇದಾಯ್ತು ಬಿಡು. ಎಷ್ಟು ವರ್ಷ ಅಂತ ಹೊಟ್ಟೇಲಿ ಇಟ್ಕೊಂಡಿರ್ತೀಯ."

ನಾಪಿತ ಕತ್ತಿ ತೆಗೆದು ಒರೆಸುವಷ್ಟರಲ್ಲಿ ಗುಡುಗು ಎದ್ದು ನಿಂತಿದ್ದ. ಅರ್ಧ ಗಲ್ಲ ನುಣ್ಣಗೆ, ಇನ್ನರ್ಧ ನೊರೆ. ಹಾಗೇ ಬೀದಿಗಿಳಿದ.

ಗುಡುಗು ಎನ್ನುವುದು ಕುಸ್ತಿ ಕಂಪನಿಯವರು ಇಟ್ಟ ಹೆಸರು. ಆರೂವರೆ ಅಡಿ ಎತ್ತರ, ಬಾಗಿಲಗಲದ ಎದೆ, ಚಾಪೆಗೆ ಉಜ್ಜಿ ಉಜ್ಜಿ ಗಂಟುಗಟ್ಟಿದ ಕಿವಿಗಳು. ಮೈಗೆ ಅಷ್ಟೆಲ್ಲ ಧಾರಾಳವಾಗಿ ಸುರಿದ ದೇವರು ಗಂಟಲಿಗೆ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿದ್ದ. ಅವನು ಬಾಯಿಬಿಟ್ಟರೆ ಇಲಿಮರಿ ಕಿಚಗುಟ್ಟಿದ ಹಾಗೆ. ಕಂಪನಿಯ ಕುಸ್ತಿಯಲ್ಲಿ ಅವನ ಪರವಾಗಿ ಕೋಟು ತೊಟ್ಟವನೊಬ್ಬ ಮೈಕು ಹಿಡಿದು ಅಬ್ಬರಿಸುತ್ತಿದ್ದ, ಇವನು ಪಕ್ಕದಲ್ಲಿ ಎದೆ ಬಡಿದುಕೊಳ್ಳುತ್ತಿದ್ದ.

ಅದಕ್ಕೂ ಮೊದಲು ಅವನು ನಿಜವಾದ ಕುಸ್ತಿಯ ಆಳು. ಹದಿನಾಲ್ಕನೆಯ ವಯಸ್ಸಿಗೆ ಗುರುಗಳ ಕಾಲಿಗೆ ಬಿದ್ದವನು ಇಪ್ಪತ್ತನಾಲ್ಕಕ್ಕೆ ದೊಡ್ಡ ಪಂದ್ಯದ ಕೊನೆಯ ಸುತ್ತಿಗೆ ಬಂದ. ಇವನನ್ನು ಕೆಡವುವ ಗಂಡು ಇನ್ನೂ ಹುಟ್ಟಿಲ್ಲ ಎಂದು ಗುರುಗಳು ಸಾರಿಕೊಂಡು ಬಂದಿದ್ದರು. ಎರಡನೆಯ ನಿಮಿಷಕ್ಕೆ ಗುಡುಗಿನ ಬೆನ್ನು ಚಾಪೆ ಮುಟ್ಟಿತು. ತಿಂಗಳೊಪ್ಪತ್ತಿನಲ್ಲಿ ಅವನು ಹೊಟ್ಟೆಪಾಡಿಗೆ ಕಂಪನಿ ಸೇರಿದ. ಅಲ್ಲಿ ಯಾರು ಗೆಲ್ಲಬೇಕು, ಯಾರು ಬೀಳಬೇಕು ಎನ್ನುವುದು ಬಟ್ಟೆ ಬದಲಿಸುವ ಕೋಣೆಯಲ್ಲೇ ತೀರ್ಮಾನವಾಗುತ್ತಿತ್ತು. ಗುರುಗಳು ಎರಡಕ್ಕೂ ಗಂಟು ಹಾಕಿದರು. "ಆವತ್ತೂ ಬೇಕಂತಲೇ ಬಿದ್ದೆ. ಇನ್ನು ನನ್ನ ಹೊಸಿಲು ತುಳೀಬೇಡ," ಎಂದರು.

ಅವನು ಬೇಕಂತ ಬಿದ್ದಿರಲಿಲ್ಲ. ಆಣೆ ಮಾಡಿದ, ಅತ್ತ, ಕಬ್ಬಿಣನನ್ನು ರಾಯಭಾರಕ್ಕೆ ಕಳಿಸಿದ. ಕಬ್ಬಿಣನೇ ನಂಬಲಿಲ್ಲ. ವಾರಕ್ಕೆ ಮೂರು ಸಲ ಹೇಳಿ ಮಾಡಿಸಿದ ಹಾಗೆ ಬೀಳುವವನು ಒಮ್ಮೆ ನಿಜವಾಗಿ ಸೋತಿದ್ದೆ ಅಂದರೆ ಯಾರು ನಂಬುತ್ತಾರೆ? ಕೊನೆಗೆ ಅವನು ಹೇಳುವುದನ್ನೇ ಬಿಟ್ಟ. ಒಂಬತ್ತು ವರ್ಷ ಕಂಪನಿಯಲ್ಲಿ ಬಿದ್ದು ಎದ್ದು ಸೊಂಟ ಕೈಕೊಟ್ಟ ಮೇಲೆ ಸಿನಿಮಾದವರು ಕರೆದರು. ಕ್ಯಾಮೆರಾ ಮುಂದೆ ಹಲ್ಲು ಕಡಿದು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದ, ಅಷ್ಟೆ. ಆಮೇಲೆ ಸ್ಟುಡಿಯೋದಲ್ಲಿ ಆ ತುಟಿಗಳಿಗೆ ಬೇರೊಬ್ಬ ದನಿ ಕೊಡುತ್ತಿದ್ದ. ಬಾವಿಯ ತಳದಿಂದ ಬಂದಂಥ ಆ ದನಿಗೇ ಜನ ಮರುಳಾದರು. ಬೀದಿಯಲ್ಲಿ ಯಾರಾದರೂ "ಒಂದು ಡೈಲಾಗ್ ಹೇಳಿ ಸಾರ್" ಎಂದರೆ ಗುಡುಗು ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸುತ್ತಿದ್ದ. ಅವರಿಗೆ ಅದೇ ದೊಡ್ಡ ಪ್ರಸಾದ.

ಹಾಗಾದರೆ ಆ ದನಿಯಲ್ಲಿ ಗುರುಗಳಿಗೆ ಫೋನು ಮಾಡಬಲ್ಲವನು ಲೋಕದಲ್ಲಿ ಒಬ್ಬನೇ.

ಸೋಮವಾರ ಗುಡುಗು ಡಬ್ಬಿಂಗ್ ಸ್ಟುಡಿಯೋಗೆ ಹೋದ. ದನಿಯವನನ್ನು ಅವನು ನೋಡಿದ್ದೇ ನಾಲ್ಕು ಸಲ. ಗುಬ್ಬಿಯೆದೆಯ ಸಣ್ಣ ಮನುಷ್ಯ, ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಸದಾ ಬಿಸಿನೀರಿನ ಫ್ಲಾಸ್ಕು.

"ಏನಣ್ಣಾ, ಇಷ್ಟು ದೂರ?"

"ಸುಮ್ನೆ. ಗುರುಗಳಿಗೆ ಹುಷಾರಿಲ್ಲವಂತೆ. ನೋಡೋಕೆ ಹೊರಟಿದ್ದೆ."

ದನಿಯವನ ಮುಖದಲ್ಲಿ ಏನೂ ಕಾಣಲಿಲ್ಲ. ಆದರೆ ಗುಡುಗು ಮುಖ ನೋಡುವವನಲ್ಲ. ಎದುರಾಳಿಯ ಭುಜ ನೋಡು, ಅದು ಸುಳ್ಳು ಹೇಳೋದಿಲ್ಲ ಎಂದು ಗುರುಗಳು ಹತ್ತು ವರ್ಷ ಬಡಿದು ಕಲಿಸಿದ್ದರು. ದನಿಯವನ ಬಲಭುಜ ಕಿವಿಯವರೆಗೆ ಏರಿ ಇಳಿಯಿತು. ಫ್ಲಾಸ್ಕಿನಿಂದ ಲೋಟಕ್ಕೆ ಸುರಿಯುತ್ತಿದ್ದ ನೀರು ಚೆಲ್ಲಿತು.

"ಅಯ್ಯೋ, ಬೇಗ ಹೋಗಿ ಬನ್ನಿ ಅಣ್ಣ," ಅಂದ.

ಕಳ್ಳ ಸಿಕ್ಕ. ಆದರೆ ಕದ್ದದ್ದು ಏನು ಎನ್ನುವುದು ಗುಡುಗಿಗೆ ಬಗೆಹರಿಯಲಿಲ್ಲ. ಮುದುಕರನ್ನು ಒಲಿಸಿಕೊಂಡು ಇವನಿಗೇನು ಲಾಭ? ನಾಳೆ ಪತ್ರಿಕೆಯವರ ಮುಂದೆ ಗುರುಗಳನ್ನು ಕೂರಿಸಿ, "ಗುಡುಗು ಪಂದ್ಯ ಬಿಟ್ಟುಕೊಟ್ಟಿದ್ದನ್ನು ಒಪ್ಪಿಕೊಂಡ" ಎಂದು ಹೇಳಿಸುತ್ತಾನೋ? ತನ್ನ ಹೆಸರು ಕೆಡಿಸಿ, ದನಿಯೂ ನನ್ನದೇ, ಮುಖವೂ ನನ್ನದೇ ಇರಲಿ ಎನ್ನುವ ಹುನ್ನಾರವೋ? ಒಂದಂತೂ ಖಚಿತ. ಹಳೆಯ ಪಂದ್ಯ, ಗುರುಗಳ ಮನೆಯ ನಂಬರು, ಇದೆಲ್ಲ ಆ ಗುಬ್ಬಿಗೆ ತಾನಾಗಿ ಗೊತ್ತಾಗುವ ವಿಷಯವಲ್ಲ. ಮನೆಯೊಳಗಿನವರು ಯಾರೋ ಹೇಳಬೇಕು. ಮನೆಯಲ್ಲಿ ಇದ್ದದ್ದು ಇಬ್ಬರೇ.

ಬುಧವಾರ ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ. "ನಾಳೆ ಎಲ್ಲಿಗಾದ್ರೂ ಹೋಗ್ತೀಯಾ?"

"ಗುರುವಾರ ಅಲ್ವಾ? ಹೊಲಿಗೆ ಕ್ಲಾಸಿದೆ ಕಣ್ರೀ."

ಏಳು ತಿಂಗಳಿಂದ ಅವಳು ಹೊಲಿಗೆ ಕಲಿಯುತ್ತಿದ್ದಳು. ಅವನ ಅಂಗಿಯ ಮೇಲಿನ ಗುಂಡಿ ಬಿದ್ದು ನಾಲ್ಕು ತಿಂಗಳಾಗಿತ್ತು. ಗುಡುಗು ಆ ಗುಂಡಿಯಿಲ್ಲದ ಜಾಗವನ್ನು ಮುಟ್ಟಿ ನೋಡಿಕೊಂಡ. ಅಲ್ಲಿಯವರೆಗೆ ಗುರುಗಳ ಸುತ್ತ ತಿರುಗುತ್ತಿದ್ದ ಸಂಶಯ ಈಗ ಬೇರೆ ದಾರಿ ಹಿಡಿಯಿತು. ಬಾವಿಯ ತಳದ ಆ ದನಿಯನ್ನು ಕೇಳಿ ಊರ ಹೆಂಗಸರೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಇವಳೂ ಹೆಂಗಸಲ್ಲವೇ?

ಮಾರನೆಯ ದಿನ ಅವಳ ಹಿಂದೆ ಹೊರಟ. ಆನೆ ಅಡಗಿಕೊಂಡು ನಡೆದ ಹಾಗಿತ್ತು ಅವನ ಪಾಡು. ಬಸ್ಸಿನ ಹಿಂದಿನ ಸೀಟಿನಲ್ಲಿ ಪೇಪರು ಅಗಲಿಸಿ ಮುಖ ಮುಚ್ಚಿಕೊಂಡ. ಪೇಪರಿನ ಎರಡೂ ಕಡೆ ಗಂಟುಗಿವಿಗಳು ಇಣುಕುತ್ತಿದ್ದವು. "ಸಾರ್, ನೀವಲ್ವಾ! ಒಂದು ಡೈಲಾಗ್!" ಎಂದು ಕಂಡಕ್ಟರು ಕೂಗುವುದರೊಳಗೆ ಇಳಿದು, ಮುಂದಿನ ಬಸ್ಸು ಹಿಡಿದ. ಎಲ್ಲಿಗೆ ಹೋಗಬೇಕೆಂದು ಅವನಿಗೆ ಆಗಲೇ ಗೊತ್ತಿತ್ತು.

ಸ್ಟುಡಿಯೋದ ಹಿಂದುಗಡೆ ಹಳೆಯ ರೀಲುಗಳನ್ನು ಪೇರಿಸಿದ ಒಂದು ಕೋಣೆ. ಬಾಗಿಲು ಓರೆಯಾಗಿತ್ತು. ಒಳಗಿಂದ ತನ್ನದೇ ಎಂದು ಲೋಕ ನಂಬಿದ ದನಿ ಕೇಳಿಸಿತು.

"ಮೊಣಕಾಲು ಈಗ ಪರವಾಗಿಲ್ಲ ಗುರುಗಳೇ. ಮೆಟ್ಟಿಲು ಹತ್ತುವಾಗ ಮಾತ್ರ ಸ್ವಲ್ಪ... ಹೂಂ, ಎಣ್ಣೆ ಹಚ್ಚುತ್ತಿದ್ದೇನೆ."

ಗುಡುಗು ಬಾಗಿಲು ತಳ್ಳಿದ. ಮೇಜಿನ ಮೇಲೆ ಫೋನು. ಅದರ ಮುಂದೆ ದನಿಯವನು, ಪಕ್ಕದಲ್ಲಿ ಚೀಟಿ ಹಿಡಿದ ಹೆಂಡತಿ. ಚೀಟಿಯಲ್ಲಿ 'ಮೊಣಕಾಲು, ಹೊಸ ಸಿನಿಮಾ, ತೂಕ ಮೂರು ಕಿಲೋ ಇಳಿದಿದೆ' ಎಂದು ದುಂಡಗೆ ಬರೆದಿತ್ತು. ದನಿಯವನು ಬಾಗಿಲತ್ತ ನೋಡಿದರೂ ದನಿ ಸ್ವಲ್ಪವೂ ನಡುಗಿಸದೆ, "ಮುಂದಿನ ವಾರ ಮಾಡ್ತೇನೆ ಗುರುಗಳೇ" ಎಂದು ಫೋನು ಇಟ್ಟ.

"ಇದೇನಾ ನಿನ್ನ ಹೊಲಿಗೆ?" ಅಂದ ಗುಡುಗು.

ಹೆಂಡತಿ ಹೆದರಲಿಲ್ಲ. "ಹೌದು, ಇದೇ. ನೀವು ಹರಿದಿದ್ದನ್ನ ಹೊಲೀತಿದ್ದೆ. ಗುರುಗಳಿಗೆ ಲಕ್ವ ಹೊಡೆದ ಮೇಲೆ ಮನೆಗೆ ಮೂರು ಸಲ ಫೋನ್ ಮಾಡಿದ್ರು. ಮೂರು ಸಲಾನೂ ನೀವು ಕೈ ಆಡಿಸಿ 'ಇಲ್ಲ ಅನ್ನು' ಅಂದ್ರಿ. ನಾಲ್ಕನೇ ಸಲ ಆ ಮುದುಕರಿಗೆ ಸುಳ್ಳು ಹೇಳೋಕೆ ನಂಗೆ ಬಾಯಿ ಬರಲಿಲ್ಲ."

"ಅದಕ್ಕೆ ಇವನ ಬಾಯಲ್ಲಿ ಹೇಳಿಸ್ದೆ," ಎಂದು ಗುಡುಗು ಮೂದಲಿಸಿದ.

ಗುಡುಗಿಗೆ ಆ ಮೂರು ಫೋನುಗಳು ನೆನಪಿದ್ದವು. ಮತ್ತೆ ಅದೇ ಮಾತು ಕೇಳುವ ಶಕ್ತಿ ತನಗಿಲ್ಲ ಎಂದು ತೆಗೆದುಕೊಂಡಿರಲಿಲ್ಲ. ದನಿಯವನ ಕಡೆ ತಿರುಗಿದ. "ಏನೋ ಒಪ್ಪಿಕೊಂಡ್ಯಂತಲ್ಲ ನನ್ನ ಪರವಾಗಿ. ಏನದು?"

ದನಿಯವನು ಮಫ್ಲರಿನ ತುದಿ ಹಿಂಡುತ್ತ ಹೇಳಿದ. "ಹೋದ ತಿಂಗಳು ಒಂದೇ ಸಮ ಕೇಳಿದ್ರು ಅಣ್ಣ. ಆವತ್ತು ಬೇಕಂತಲೇ ಬಿದ್ದೆ ತಾನೆ, ನಿಜ ಹೇಳು, ಅಂತ. ಅಕ್ಕ ಅವತ್ತು ಬಂದಿರಲಿಲ್ಲ, ಚೀಟೀಲೂ ಉತ್ತರ ಇರಲಿಲ್ಲ. ಅವರ ದನಿ ಕೇಳಿದ್ರೆ 'ಹೌದು' ಅಂತ ಕೇಳೋಕೆ ಕಾದಿದ್ದಾರೆ ಅನ್ನಿಸ್ತು. ಹೌದು, ತಪ್ಪಾಯ್ತು ಅಂದೆ. ಮಗು ಹಾಗೆ ಅತ್ತುಬಿಟ್ರು. ಆಮೇಲೆ ಎಷ್ಟು ಖುಷಿಯಾಗಿದ್ರು ಗೊತ್ತಾ?"

"ಹದಿನೆಂಟು ವರ್ಷ ನಾನು ಇಲ್ಲ ಅಂದಿದ್ದನ್ನ ನೀನು ಒಂದೇ ಉಸಿರಿಗೆ ಹೌದು ಅಂದುಬಿಟ್ಟೆ!"

ಆಗ ಹೆಂಡತಿ ಮೆಲ್ಲಗೆ ಕೇಳಿದಳು. "ಅಂದ್ರೆ... ನೀವು ಬೇಕಂತ ಬೀಳಲಿಲ್ವಾ?"

ಗುಡುಗು ಅವಳ ಮುಖವನ್ನೇ ನೋಡಿದ. ಒಂದೇ ಹಾಸಿಗೆಯಲ್ಲಿ ಹದಿನೈದು ವರ್ಷ ಮಲಗಿದವಳೂ ಹಾಗೇ ತಿಳಿದಿದ್ದಳು. ತಿರುಗಿ ಹೊರಗೆ ಬಂದ.

ಮಾರನೆಯ ಬೆಳಿಗ್ಗೆ ಗುರುಗಳ ಮನೆಯ ಬಾಗಿಲು ತಟ್ಟಿದ. ಸೈಕಲ್ ಅಂಗಡಿಯ ಮೇಲಿನ ಮಹಡಿ. ಗುರುಗಳ ಮಗಳು ಬಾಗಿಲು ತೆರೆದು ಹಿಂದೆ ಸರಿದಳು. ಕಿಟಕಿಯ ಪಕ್ಕ ಮಂಚದ ಮೇಲೆ ಗುರುಗಳು ಒರಗಿದ್ದರು. ಎಡಗೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು, ಕಣ್ಣಿಗೆ ಮಂಜು ಕವಿದಿತ್ತು.

"ಗುರುಗಳೇ."

"ಲೋ, ನೀನಾ! ಫೋನಲ್ಲಿ ಅಷ್ಟು ದೊಡ್ಡ ದನಿ, ಎದುರಿಗೆ ಬಂದ್ರೆ ಅದೇ ಇಲಿಮರಿ. ಬಾ, ಕೂತ್ಕೋ. ಕ್ಷಮಿಸಿ ಆಯ್ತಲ್ಲ, ಇನ್ನೂ ಯಾಕೆ ನಿಂತಿದ್ದೀಯ?"

ಗುಡುಗು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದ. ಸುಮ್ಮನಿದ್ದುಬಿಟ್ಟರೆ ಎಲ್ಲರಿಗೂ ಸುಖ. ಆದರೆ ಮುದುಕರ ಆ ನಿಶ್ಚಿಂತೆಯ ಮುಖ ಕಂಡದ್ದೇ ಅವನಿಗೆ ತಡೆಯಲಾಗಲಿಲ್ಲ.

"ನಾನು ಬೇಕಂತ ಬೀಳಲಿಲ್ಲ ಗುರುಗಳೇ. ಸೋತೆ."

ಗುರುಗಳು ಮುಖ ಗಂಟಿಕ್ಕಿದರು. "ಮತ್ತೆ ಶುರುವಾಯ್ತಾ? ಬಾಯಾರೆ ಒಪ್ಪಿಕೊಂಡಿದ್ದೀಯ. ಈಗ ಯಾರು ಹೇಳಿಕೊಟ್ಟು ಕಳಿಸಿದ್ರು?"

"ಯಾರೂ ಇಲ್ಲ."

"ನಾನು ತಯಾರು ಮಾಡಿದ ಆಳು ಎರಡು ನಿಮಿಷಕ್ಕೆ ಬೀಳೋದು ಅಂದ್ರೇನು! ಸುಳ್ಳು ಬೊಗಳಬೇಡ."

ಗುಡುಗು ಮಂಚದ ಪಕ್ಕ ನೆಲದ ಮೇಲೆ ಮಂಡಿಯೂರಿದ. ಗುರುಗಳ ಬಲಗೈಯನ್ನು ಎತ್ತಿ ತನ್ನ ಸೊಂಟದ ಮೇಲೆ ಇಟ್ಟುಕೊಂಡ. "ಮುಟ್ಟಿ ನೋಡಿ. ಅವನು ಇಲ್ಲಿ ಹಿಡಿದ. ಭುಜಕ್ಕೆ ಬರ್ತಾನೆ ಅಂದ್ಕೊಂಡಿದ್ದೆ, ಬರಲಿಲ್ಲ. ಕೆಳಗಿಂದ ಬಂದ."

"ಬಲಕ್ಕೆ ತಿರುಗಬೇಕಿತ್ತು."

"ತಿರುಗಿದೆ. ಹೀಗೆ."

ಗುರುಗಳ ಬೆರಳುಗಳು ಅವನ ಸೊಂಟದಿಂದ ತೊಡೆಗೆ, ತೊಡೆಯಿಂದ ಮೊಣಕಾಲಿಗೆ ಹರಿದವು. ಕುರುಡರು ಮುಖ ಓದುವ ಹಾಗೆ. "ಹಿಂಗಾಲು?"

"ನೀವು ಹೇಳಿದ ಜಾಗದಲ್ಲೇ ಇತ್ತು."

ಬೆರಳುಗಳು ಹಿಮ್ಮಡಿಯ ಹತ್ತಿರ ನಿಂತವು. ಕೆಳಗೆ ಅಂಗಡಿಯಲ್ಲಿ ಯಾರೋ ಚಕ್ರ ತಿರುಗಿಸಿ ನೋಡುತ್ತಿದ್ದರು. ಆ ಸದ್ದು ನಿಂತ ಮೇಲೂ ಗುರುಗಳು ಕೈ ತೆಗೆಯಲಿಲ್ಲ.

"ಕೆಳಗಿಂದ ಬಂದ್ರೆ, ಬಲಕ್ಕೆ ತಿರುಗಿದೋನು ಮುಗಿದ," ಅಂದರು ಕೊನೆಗೆ.

"ಮುಗಿದೆ."

"ನೀನು ನಾನು ಹೇಳಿದ್ದನ್ನೇ ಮಾಡ್ದೆ."

"ಹೂಂ."

"ಹಾಗಾದ್ರೆ ಸೋತೋನು ನಾನು."

ಮುದುಕರ ಕಣ್ಣಿಂದ ನೀರಿಳಿಯಿತು. ಒರೆಸಬೇಕೋ ಬೇಡವೋ ಎಂದು ಗುಡುಗಿನ ದೊಡ್ಡ ಕೈ ಗಾಳಿಯಲ್ಲೇ ನಿಂತಿತ್ತು. ತಾನು ಬಂದದ್ದೇ ತಪ್ಪಾಯಿತು ಅನ್ನಿಸಿತು. ತನ್ನ ಹೆಸರು ತೊಳೆದುಕೊಳ್ಳಲು ಹೋಗಿ ಮುದುಕರ ಹತ್ತಿರ ಉಳಿದಿದ್ದ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡಿದ್ದ.

"ಫೋನಲ್ಲಿ ಹೌದು ಅಂದೋನು ಯಾರು ಮತ್ತೆ?" ಎಂದು ಗುರುಗಳು ಸಟ್ಟನೆ ಕೇಳಿದರು.

ಗುಡುಗು ಎಲ್ಲವನ್ನೂ ಹೇಳಿದ. ಸ್ಟುಡಿಯೋ, ಗುಬ್ಬಿಯೆದೆಯ ಮನುಷ್ಯ, ಹೆಂಡತಿಯ ಚೀಟಿ, ತಾನು ತೆಗೆಯದ ಮೂರು ಫೋನುಗಳು.

"ನಂಗೆ ಆಗಲೇ ಅನುಮಾನ ಬರಬೇಕಿತ್ತು," ಅಂದರು ಗುರುಗಳು. "ಆ ಮನುಷ್ಯ ನನ್ನ ಮಾತು ಪೂರ್ತಿ ಕೇಳ್ತಿದ್ದ. ನೀನು ಯಾವತ್ತು ಕೇಳಿದ್ದೆ?" ನಗುವಿನ ಹಾಗೆ ಏನೋ ಒಂದು ಅವರ ಬಾಯಿಯ ಒಂದೇ ಬದಿಯಲ್ಲಿ ಹಾದುಹೋಯಿತು. ಆಮೇಲೆ ದನಿ ಗಡುಸಾಯಿತು. "ಏಳಬೇಡ, ಹಾಗೇ ಇರು. ಆ ಹಿಂಗಾಲನ್ನ ಒಂದು ಗೇಣು ಎಡಕ್ಕೆ ಇಡು. ಈಗ ಅವನು ಕೆಳಗಿಂದ ಬಂದ ಅನ್ನು. ಏನಾಗುತ್ತೆ?"

"ಆಗಲೂ ಬೀಳ್ತೀನಿ ಗುರುಗಳೇ."

"ಬೀಳಲ್ಲ!"

"ಬೀಳ್ತೀನಿ. ನನ್ನ ಮೊಣಕಾಲು ನಿಮ್ಮದಲ್ಲ, ನನ್ನದು."

"ಎದುರು ಮಾತಾಡ್ತೀಯೇನೋ? ಸೊಂಟ ತಗ್ಗಿಸು ಅಂದೆ, ಸೊಂಟ!"

ಗಲಾಟೆ ಕೇಳಿ ಮಗಳು ಅಡುಗೆಮನೆಯಿಂದ ಓಡಿ ಬಂದಳು. ಸಿನಿಮಾದಲ್ಲಿ ಹಲ್ಲು ಕಡಿಯುವ ರಾಕ್ಷಸ ನೆಲದ ಮೇಲೆ ನಾಲ್ಕು ಕಾಲಾಗಿ ನಿಂತಿದ್ದ. ಮಂಚದಿಂದ ಅರ್ಧ ಬಾಗಿದ್ದ ಅವಳ ಅಪ್ಪ, ಆಡುವ ಒಂದೇ ಕೈಯಲ್ಲಿ ಅವನ ಬೆನ್ನನ್ನು ಒತ್ತಿ ಹಿಡಿದಿದ್ದರು. ಅವಳು ಏನಾಯಿತೆಂದು ಕೇಳಲು ಬಾಯಿ ತೆರೆದಳು. ಇಬ್ಬರೂ ಒಟ್ಟಿಗೆ, "ಸುಮ್ನಿರಮ್ಮ, ಸ್ವಲ್ಪ" ಎಂದರು.